ಸರಕಾರಿ ಅನುದಾನ ಮತ್ತು ಹೊರನಾಡ ಕನ್ನಡ ಸಂಘಗಳು

(ನಾಗಪುರದ ಕನ್ನಡಿಗರ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಪಂಪನನ್ನು ಕುರಿತೋ ವಚನಕಾರರನ್ನು ಕುರಿತೋ ಮಾತನಾಡಬೇಕಾದ ವೇದಿಕೆಗೆ ನನ್ನನ್ನು ಹಣಕಾಸಿನ ಮಾತಿಗಾಗಿ ಕರೆದಿದ್ದೀರಿ. ವಿಷಯ ಒಣದು. ಹಣದ ಮಾತು ಬಂದೊಡನೆ ಕಾರ್ಯಕಾರಿ ಸಮಿತಿಯ ಕೋಣೆಯ ಬಾಗಿಲು ಮುಚ್ಚಿಕೊಳ್ಳುವುದು ನಮ್ಮ ಸಂಘಗಳ ವಾಡಿಕೆ. ಹೀಗಾಗಿ ಅನುದಾನ ಬಂತೋ ಇಲ್ಲವೋ ಎಂಬುದಷ್ಟೇ ಸದಸ್ಯರಿಗೆ ತಿಳಿಯುತ್ತದೆ. ಅದು ಯಾವ ಕೆಲಸಕ್ಕೆ ಬರುತ್ತದೆ, ಯಾವುದಕ್ಕೆ ಬರುವುದೇ ಇಲ್ಲ ಎಂಬ ಪ್ರಶ್ನೆ ಸಭೆಯ ಮುಂದೆ ಬರುವುದಿಲ್ಲ. ಇಂದು ಆ ಎರಡನೆಯ ಪ್ರಶ್ನೆಯನ್ನೇ ಎತ್ತಬೇಕೆಂದಿದ್ದೇನೆ.

ಕಲೆ ಸಾಹಿತ್ಯಗಳಿಗೆ ಆಶ್ರಯ ಬೇಕೆಂಬುದು ಹಳೆಯ ಮಾತು. 1915ರಲ್ಲಿ ಬೆಂಗಳೂರಿನಲ್ಲಿ ಸಾಹಿತ್ಯ ಪರಿಷತ್ತು ಹುಟ್ಟಿದಾಗ ಅದರ ಬೆನ್ನಿಗೆ ಮೈಸೂರಿನ ಅರಸರಿದ್ದರು. ಅದಕ್ಕೂ ಕಾಲು ಶತಮಾನ ಮೊದಲು, 1890ರಲ್ಲಿ, ರಾ. ಹ. ದೇಶಪಾಂಡೆಯವರು ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಸ್ಥಾಪಿಸಿದಾಗ ಅಲ್ಲಿ ಕನ್ನಡದ ಅರಸನಿರಲಿಲ್ಲ. ಮುಂಬಯಿ ಪ್ರಾಂತದ ಆ ಮೂಲೆಯಲ್ಲಿ ಭಾಷಾಭಿಮಾನವುಳ್ಳ ವಿದ್ಯಾವಂತರು ತಾವೇ ಕೂಡಿ ಕಟ್ಟಿದ ಸಂಸ್ಥೆ ಅದು. ಹೊರನಾಡಿನ ನಾವು ಧಾರವಾಡದ ವಂಶದವರು, ಮೈಸೂರಿನ ವಂಶದವರಲ್ಲ. ನಾವಿರುವ ಈ ಮಹಾರಾಷ್ಟ್ರದಲ್ಲೇ ಇನ್ನೊಂದು ನಿದರ್ಶನವಿದೆ. ಕುಂದಗೋಳದ ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡ ಮರುವರ್ಷ, ಅವರ ಶಿಷ್ಯರಾದ ಗದಗಿನ ಭೀಮಸೇನ ಜೋಶಿಯವರು ಪುಣೆಯಲ್ಲಿ ಗುರುವಿನ ಸ್ಮರಣೆಗಾಗಿ ಸಂಗೀತೋತ್ಸವವನ್ನು ಆರಂಭಿಸಿದರು. ಟಿಕೆಟು ಕೊಂಡು, ಚಳಿಗಾಲದ ಇರುಳಲ್ಲಿ ಶಾಲು ಹೊದ್ದು ಕುಳಿತ ರಸಿಕರು ಅದನ್ನು ಬೆಳೆಸಿದರು.

ಸ್ವಾತಂತ್ರ್ಯಾನಂತರ ಅರಸರ ಸ್ಥಾನಕ್ಕೆ ಸರಕಾರ ಬಂದಿತು. 1953ರಲ್ಲಿ ಸಂಗೀತ ನಾಟಕ ಅಕಾಡೆಮಿ, 1954ರಲ್ಲಿ ಸಾಹಿತ್ಯ ಅಕಾಡೆಮಿ ಮತ್ತು ಲಲಿತ ಕಲಾ ಅಕಾಡೆಮಿ ಆರಂಭವಾದವು. ಬ್ರಿಟನ್ನಿನಲ್ಲಿ 1946ರಲ್ಲಿ, ಅರ್ಥಶಾಸ್ತ್ರಜ್ಞ ಕೇನ್ಸರ ಪ್ರಯತ್ನದಿಂದ ರೂಪುಗೊಂಡ ಆರ್ಟ್ಸ್ ಕೌನ್ಸಿಲಿನ ತತ್ತ್ವವೂ ಇದೇ ಜಾತಿಯದು: ಹಣ ಸರಕಾರದ್ದು, ಅದನ್ನು ಯಾರಿಗೆ ಕೊಡಬೇಕೆಂಬ ತೀರ್ಮಾನ ಮಾತ್ರ ಮಂತ್ರಿಯದಲ್ಲ. ನಮ್ಮ ಅಕಾಡೆಮಿಗಳಲ್ಲಿ ಆ ತತ್ತ್ವ ಎಷ್ಟು ಉಳಿದಿದೆ ಎಂಬುದು ಬೇರೊಂದು ಭಾಷಣದ ವಸ್ತು.

ಈ ಊರಿಗೆ ಬರೋಣ. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು. ಅದೇ ದಿನ ನಾಗಪುರ ರಾಜಧಾನಿಯ ಪಟ್ಟ ಕಳೆದುಕೊಂಡಿತು. (ನಮ್ಮ ರಾಜ್ಯೋತ್ಸವದ ದಿನ ಇಲ್ಲಿಯ ಹಳಬರ ಮುಂದೆ ಕೊಂಚ ತಗ್ಗಿದ ದನಿಯಲ್ಲಿ ಸಂಭ್ರಮಿಸುವುದು ಲೇಸು.) ಮೂವತ್ತು ವರ್ಷಗಳ ತರುವಾಯ, 1986ರಲ್ಲಿ, ದಕ್ಷಿಣ ಮಧ್ಯ ವಲಯ ಸಾಂಸ್ಕೃತಿಕ ಕೇಂದ್ರ ಈ ಊರಿನಲ್ಲಿ ನೆಲೆಗೊಂಡಿತು. ದೇಶದ ಏಳು ವಲಯ ಕೇಂದ್ರಗಳಲ್ಲಿ ಇದೂ ಒಂದು. ಕೇಂದ್ರ ಸರಕಾರವೂ ಸದಸ್ಯ ರಾಜ್ಯಗಳೂ ಮೂಲನಿಧಿ ಕೊಡುವುದು, ಅದರ ಬಡ್ಡಿಯಿಂದ ಚಟುವಟಿಕೆ ನಡೆಯುವುದು ಎಂಬುದು ಮೊದಲ ಏರ್ಪಾಡು. ಕರ್ನಾಟಕ ಇದರ ಸದಸ್ಯ ರಾಜ್ಯ. ತಂಜಾವೂರಿನ ದಕ್ಷಿಣ ವಲಯ ಕೇಂದ್ರಕ್ಕೂ ಅದು ಸೇರಿದೆ. ಅಂದರೆ ಸಿವಿಲ್ ಲೈನ್ಸಿನ ಆ ಆವರಣದಲ್ಲಿ ಕನ್ನಡಕ್ಕೂ ಒಂದು ಪಾಲಿದೆ. ಗುರು-ಶಿಷ್ಯ ಪರಂಪರೆ, ಯುವ ಕಲಾವಿದರ ಪುರಸ್ಕಾರ, ರಂಗಭೂಮಿಯ ಪುನಶ್ಚೇತನ, ಕಲೆಗಳ ದಾಖಲಾತಿ ಇವೆಲ್ಲ ವಲಯ ಕೇಂದ್ರಗಳ ಯೋಜನೆಗಳು. ಆದರೆ ನಾವು ಆರೆಂಜ್ ಸಿಟಿ ಕರಕುಶಲ ಮೇಳಕ್ಕೆ ಹೋಗಿ, ಸೀರೆ ನೋಡಿ, ತಿಂಡಿ ತಿಂದು ಹಿಂತಿರುಗುತ್ತೇವೆ. ಅರ್ಜಿ ಹಿಡಿದು ಹೋಗುವುದು ಮಾತ್ರ ಬೆಂಗಳೂರಿನ ಜೆ. ಸಿ. ರಸ್ತೆಯ ಕನ್ನಡ ಭವನಕ್ಕೆ. ರೈಲಿನಲ್ಲಿ ಒಂದು ಹಗಲು ಒಂದು ಇರುಳು ಪಯಣಿಸುವವರಿಗೆ ಊರೊಳಗಿನ ಕಚೇರಿ ಕಾಣದಿರುವುದು ಸೋಜಿಗ.

ಬೆಂಗಳೂರಿಗೆ ಹೋಗಬಾರದೆಂದು ನನ್ನ ಮಾತಲ್ಲ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ನೆರವು ಹೊರನಾಡ ಸಂಘಗಳಿಗೆ ದೊರೆತಿದೆ, ದೊರೆಯಬೇಕು. ಆದರೆ ಅಲ್ಲಿ ನಮ್ಮ ಸ್ಥಾನ ತುಸು ತೊಡಕಿನದು. ಗಡಿನಾಡಿನವರಿಗೆ 2010ರ ಕಾಯಿದೆಯನ್ವಯ ಗಡಿ ಪ್ರದೇಶಾಭಿವೃದ್ಧಿ ಪ್ರಾಧಿಕಾರವಿದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳಲ್ಲಿ ಕನ್ನಡ ಶಾಲೆಗಳಿವೆ. ಅಲ್ಲಿ ಕನ್ನಡ ನೆಲಕ್ಕೆ ಅಂಟಿಕೊಂಡ ಭಾಷೆ. ನಾವು ರೈಲ್ವೆ, ಬ್ಯಾಂಕು, ಕಲ್ಲಿದ್ದಲು ಗಣಿ, ಹೋಟೆಲುಗಳ ನೆಪದಲ್ಲಿ ಬಂದು ನೆಲೆನಿಂತವರು. ಇಲ್ಲಿ ಕನ್ನಡ ಮನೆಯೊಳಗಿನ ಭಾಷೆ, ಮನೆಯಲ್ಲಿ ಆರಿದರೆ ಊರಿನಲ್ಲಿ ಆರಿತು.

ಇನ್ನು ಅನುದಾನದ ಶಿಸ್ತಿನ ಮಾತು. ಇದರಲ್ಲಿ ಗೊಣಗುವವರೇ ಹೆಚ್ಚು, ನಾನು ಗೊಣಗಲಾರೆ. ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳು (2017) ಹೇಳುವುದು ಇಷ್ಟು: ಅದೇ ಕೆಲಸಕ್ಕೆ ಬೇರೆ ಇಲಾಖೆಯಿಂದಲೋ ರಾಜ್ಯ ಸರಕಾರದಿಂದಲೋ ಹಣ ಪಡೆದಿಲ್ಲವೆಂದು, ಅದಕ್ಕೆ ಅರ್ಜಿಯನ್ನೂ ಹಾಕಿಲ್ಲವೆಂದು ಸಂಸ್ಥೆ ದೃಢೀಕರಿಸಬೇಕು; ವರ್ಷ ಮುಗಿದ ಹನ್ನೆರಡು ತಿಂಗಳೊಳಗೆ ಹಣ ಬಳಕೆ ಪ್ರಮಾಣಪತ್ರ ಸಲ್ಲಿಸಬೇಕು; ಅನುದಾನದಿಂದ ಕೊಂಡ ಆಸ್ತಿಯನ್ನು ಅನುಮತಿಯಿಲ್ಲದೆ ಮಾರಬಾರದು. ಇದರಲ್ಲಿ ಅನ್ಯಾಯವೇನಿದೆ? ಮಹಾರಾಷ್ಟ್ರದ ಸಾರ್ವಜನಿಕ ನ್ಯಾಸ ಕಾಯಿದೆಯ ಪ್ರಕಾರ ನಮ್ಮಂಥ ಸಂಘಗಳು ಧರ್ಮಾದಾಯ ಆಯುಕ್ತರಿಗೆ ಪ್ರತಿವರ್ಷ ಲೆಕ್ಕ ಒಪ್ಪಿಸುವುದು ಇದ್ದೇ ಇದೆ. ಲೆಕ್ಕ ನೇರವಾಗಿದ್ದವರಿಗೆ ಎರಡು ಪ್ರತಿ ಹೆಚ್ಚು ಬರೆಯುವ ಶ್ರಮವಷ್ಟೇ. ನಾನು ಹಿಂದೆ ಇನ್ನೊಂದು ಊರಿನಲ್ಲಿದ್ದಾಗ ಕಂಡ ಒಂದು ಸಂಘಕ್ಕೆ ಎರಡನೆಯ ಕಂತು ಬರಲೇ ಇಲ್ಲ. ಶಾಮಿಯಾನದವನ ರಸೀದಿ ಕಳೆದುಹೋಗಿತ್ತು!

ನನ್ನ ತಕರಾರು ಬೇರೆ. ಅನುದಾನ ಯಾವಾಗಲೂ ದಿನಕ್ಕೆ ಬರುತ್ತದೆ, ವರ್ಷಕ್ಕೆ ಬರುವುದಿಲ್ಲ. ಕೇಂದ್ರದ ಸಾಂಸ್ಕೃತಿಕ ಸಮಾರಂಭ ಮತ್ತು ನಿರ್ಮಾಣ ಅನುದಾನವನ್ನೇ ನೋಡಿ: ಉತ್ಸವ, ವಿಚಾರ ಸಂಕಿರಣ, ಪ್ರದರ್ಶನ, ನಾಟಕ ಪ್ರಯೋಗ. ಎಲ್ಲಕ್ಕೂ ತಾರೀಖುಂಟು, ಆಹ್ವಾನ ಪತ್ರಿಕೆಯುಂಟು, ಛಾಯಾಚಿತ್ರವುಂಟು. ಪುಸ್ತಕ ಭಂಡಾರಕ್ಕೆ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನದ ಬಾಗಿಲನ್ನಾದರೂ ತಟ್ಟಬಹುದು. ಆದರೆ ಭಾನುವಾರ ಬೆಳಿಗ್ಗೆ ಹನ್ನೆರಡು ಮಕ್ಕಳನ್ನು ಚಾಪೆಯ ಮೇಲೆ ಕೂರಿಸಿ ಒತ್ತಕ್ಷರ ಕಲಿಸುವ ತಾಯಿಗೆ ಯಾವ ಅರ್ಜಿಯಲ್ಲಿ ಕಲಂ ಇದೆ? ಆಕೆಗೆ ಬೇಕಾದುದು ಸೀಮೆಸುಣ್ಣ, ಪುಸ್ತಕ, ಮಳೆಗಾಲದಲ್ಲಿ ಸೋರದ ಒಂದು ಕೋಣೆ. ಅನುದಾನ ದೊರೆಯುವ ಕೆಲಸ ಬೆಳೆಯುತ್ತದೆ, ದೊರೆಯದ ಕೆಲಸ ಸೊರಗುತ್ತದೆ. ಕ್ರಮೇಣ ಸಂಘವು ಅರ್ಜಿಯ ಆಕಾರವನ್ನೇ ತಾಳುತ್ತದೆ. ಉತ್ಸವಕ್ಕೆ ಮೂರು ಉಪಸಮಿತಿ, ತರಗತಿಗೆ ಒಬ್ಬಳೇ ತಾಯಿ. ಇದು ಯಾರ ದುರುದ್ದೇಶವೂ ಅಲ್ಲ. ಹಣ ಹರಿಯುವ ಕಡೆಗೆ ನಮ್ಮ ದುಡಿಮೆಯೂ ಹರಿಯಿತು.

ಬೇರೆ ದಾರಿ ಇಲ್ಲವೇ? ನೆರೆಯ ಕೇರಳವನ್ನು ನೋಡಬೇಕು. ಅಲ್ಲಿಯ ಸರಕಾರ 2009ರಲ್ಲಿ ಮಲಯಾಳಂ ಮಿಷನ್ ಆರಂಭಿಸಿತು. ಹೊರನಾಡ ಮಲಯಾಳಿ ಮಕ್ಕಳಿಗೆ ಕಣಿಕೊನ್ನ, ಸೂರ್ಯಕಾಂತಿ, ಆಂಬಲ್, ನೀಲಕುರಿಂಜಿ ಎಂದು ಹೂಗಳ ಹೆಸರಿನ ನಾಲ್ಕು ಹಂತದ ಪಾಠಕ್ರಮ. ಪಾಠ ಹೇಳುವವರು ಆಯಾ ಊರಿನ ಸಮಾಜಗಳ ಸ್ವಯಂಸೇವಕರು. ಪಠ್ಯಪುಸ್ತಕ, ಶಿಕ್ಷಕರ ತರಬೇತಿ, ಪರೀಕ್ಷೆ, ಪ್ರಮಾಣಪತ್ರ ಸರಕಾರದ್ದು. ನೋಡಿ, ಸಮಾಜದ ಕೈಗೆ ನಗದು ಬಾರದೆ ಇದ್ದರೂ ಸರಕಾರದ ನೆರವು ಮಗುವಿನ ಕೈಗೆ ಮುಟ್ಟುತ್ತದೆ. ಕರ್ನಾಟಕದೊಳಗೆ ಕನ್ನಡೇತರರಿಗೆ ಕನ್ನಡ ಕಲಿಸಲು ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಕಲಿಕಾ ಕೇಂದ್ರಗಳಿವೆ, ಸಂತೋಷ. ಕನ್ನಡಿಗರ ಮಕ್ಕಳೇ ಕನ್ನಡೇತರರಾಗುತ್ತಿರುವಲ್ಲಿ ಅದರ ಅಗತ್ಯ ಇನ್ನೂ ಹೆಚ್ಚಿನದಲ್ಲವೇ?

ವಂತಿಗೆಯ ಮಾತೊಂದು ಉಳಿಯಿತು. ಸದಸ್ಯರ ವಾರ್ಷಿಕ ಚಂದಾ ಚಿಕ್ಕದೆಂದು ಅದನ್ನು ಉತ್ಸವದ ಊಟದ ಖರ್ಚಿನಲ್ಲಿ ಸೇರಿಸಿಬಿಡುತ್ತೇವೆ. ಕ್ರಮ ತಿರುಗಬೇಕು. ಚಂದಾಹಣ ತರಗತಿಗೂ ಪುಸ್ತಕಗಳಿಗೂ ಮೀಸಲಾಗಲಿ. ಉತ್ಸವ ಅನುದಾನದಿಂದಲೂ ಜಾಹೀರಾತಿನಿಂದಲೂ ನಡೆಯಲಿ. ಒಂದು ವರ್ಷ ಅನುದಾನ ಬಾರದಿದ್ದರೆ ಆ ವರ್ಷ ಹಾರ ತುರಾಯಿ ಕಡಿಮೆಯಾದೀತು, ತರಗತಿ ನಿಲ್ಲಲಾರದು.

ಆದ್ದರಿಂದ ಅಧ್ಯಕ್ಷರ ಅಪ್ಪಣೆ ಪಡೆದು ಸಭೆಯ ಮುಂದೆ ಒಂದು ಠರಾವು ಇಡುತ್ತಿದ್ದೇನೆ. ಹೊರನಾಡ ಮಕ್ಕಳ ಕನ್ನಡ ಕಲಿಕೆಗೆ ಪಠ್ಯ, ತರಬೇತಿ, ಪರೀಕ್ಷೆಗಳ ರೂಪದಲ್ಲಿ ನೆರವು ಕೊಡಬೇಕೆಂದು ಕರ್ನಾಟಕ ಸರಕಾರವನ್ನು ಕೋರುವುದು. ಇಲ್ಲಿಗೆ ಬರುವ ಕರ್ನಾಟಕದ ಕಲಾತಂಡಗಳ ವಿವರ ಸಂಘಕ್ಕೆ ಮುಂಚಿತವಾಗಿ ತಿಳಿಯುವಂತೆ ವಲಯ ಕೇಂದ್ರದೊಡನೆ ಪತ್ರವ್ಯವಹಾರ ಆರಂಭಿಸುವುದು. ಚಂದಾಹಣವನ್ನು ತರಗತಿಗೆ ಮೀಸಲಿಡಲು ಬರುವ ಸರ್ವಸಾಧಾರಣ ಸಭೆಯಲ್ಲಿ ನಿಯಮಾವಳಿಗೆ ತಿದ್ದುಪಡಿ ತರುವುದು. ಅನುಮೋದಿಸುವವರು ಇದ್ದರೆ ಕೈಯೆತ್ತಬೇಕು. ವಿರೋಧಿಸುವವರ ಮಾತನ್ನು ಮೊದಲು ಕೇಳಲು ಸಿದ್ಧನಿದ್ದೇನೆ.