ಗುರುತು ನಮ್ಮ ಕೈಯಲ್ಲಿ, ಮುದ್ರೆ ಯಾರ ಕೈಯಲ್ಲಿ?

(ವಿಜಯನಗರದಲ್ಲಿ ನೆರೆದ ಕುಟುಂಬಗಳ ಮುಂದೆ ಮಾಡಿದ ಭಾಷಣದ ಲಿಖಿತ ರೂಪ)



ರಾಜಾಜಿನಗರದಲ್ಲಿ ಬಾಡಿಗೆ ಮನೆ ಹಿಡಿಯುವುದಿರಲಿ, ಕೆಂಗೇರಿಯಲ್ಲಿ ಮಗನನ್ನು ಹಾಸ್ಟೆಲಿಗೆ ಸೇರಿಸುವುದಿರಲಿ, ನಾವು ಮೊದಲು ಮಾಡುವ ಕೆಲಸ ಆಧಾರ್ ಕಾರ್ಡಿನ ಜೆರಾಕ್ಸ್ ತೆಗೆಸಿ ಕೊಡುವುದು. ಅದು ಮುಂದೆ ಯಾರ ಕೈ ಸೇರುತ್ತದೆಂದು ನಾವು ಕೇಳುವುದಿಲ್ಲ. ಜೆರಾಕ್ಸ್ ಪ್ರತಿಯನ್ನು ಕಂಡಕಂಡವರಿಗೆ ಕೊಡಬೇಡಿ, ಕೊನೆಯ ನಾಲ್ಕು ಅಂಕೆಗಳಷ್ಟೇ ಕಾಣುವ ಆಧಾರ್ ಬಳಸಿ ಎಂದು 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯೇ ಎಚ್ಚರಿಸಿತ್ತು. ತಪ್ಪು ತಿಳುವಳಿಕೆಗೆ ಎಡೆಯಾಗಬಹುದೆಂದು ಎರಡೇ ದಿನಗಳಲ್ಲಿ ಆ ಪ್ರಕಟಣೆಯನ್ನು ಹಿಂಪಡೆಯಲಾಯಿತು. ಆದರೆ ಅದು ಎತ್ತಿದ ಪ್ರಶ್ನೆ ಹಾಗೆಯೇ ಉಳಿದಿದೆ.

ಇದಕ್ಕೆ ಪರಿಹಾರವೆಂದು ಇಂದು ಜಗತ್ತು ಮಾತನಾಡುತ್ತಿರುವುದು ವಿಕೇಂದ್ರೀಕೃತ ಡಿಜಿಟಲ್ ಗುರುತಿನ ಬಗ್ಗೆ. ಹೆಸರು ಕೇಳಿ ಹೆದರಬೇಕಾಗಿಲ್ಲ. ಮದ್ರಸದಲ್ಲಿ ಓದಿದವನಿಗೆ ಗುರುಗಳು ಸನದು ಕೊಡುತ್ತಾರೆ. ಅದು ಅವನ ಬಳಿಯೇ ಇರುತ್ತದೆ. ನೋಡುವವರು ಮುದ್ರೆಯನ್ನು ಗುರುತಿಸಿ ನಂಬುತ್ತಾರೆ. ಪ್ರತಿಸಲ ಮದ್ರಸಕ್ಕೆ ಪತ್ರ ಬರೆದು ವಿಚಾರಿಸುವುದಿಲ್ಲ. ಈ ವ್ಯವಸ್ಥೆಯೂ ಹೀಗೆಯೇ. ಸರಕಾರ ಅಥವಾ ವಿಶ್ವವಿದ್ಯಾಲಯವು ಡಿಜಿಟಲ್ ಮುದ್ರೆಯೊತ್ತಿದ ಪ್ರಮಾಣಪತ್ರ ನಮ್ಮ ಮೊಬೈಲಿನಲ್ಲಿರುತ್ತದೆ. ಹದಿನೆಂಟು ತುಂಬಿದೆಯೇ ಎಂದು ಕೇಳಿದವರಿಗೆ ಅಷ್ಟನ್ನೇ ತೋರಿಸಬಹುದು. ಜನ್ಮದಿನಾಂಕ, ವಿಳಾಸ ತೋರಿಸಬೇಕಾಗಿಲ್ಲ.

ನೆರೆಯ ಭೂತಾನ್ 2023ರಲ್ಲಿ ಕಾಯ್ದೆ ಮಾಡಿ ಇಡೀ ದೇಶಕ್ಕೆ ಇಂತಹ ಗುರುತನ್ನು ತಂದಿತು. ಶ್ರೀಲಂಕಾ ತನ್ನ ಡಿಜಿಟಲ್ ಗುರುತಿಗೆ ಆರಿಸಿಕೊಂಡಿರುವ ಮೋಸಿಪ್ ಎಂಬ ತಂತ್ರಾಂಶ ನಮ್ಮದೇ ಬೆಂಗಳೂರಿನ ಐಐಐಟಿಯಲ್ಲಿ ರೂಪುಗೊಂಡದ್ದು. ಬಾಂಗ್ಲಾದೇಶದಲ್ಲಿ 2023ರಲ್ಲಿ ಸರಕಾರಿ ಜಾಲತಾಣವೊಂದರಿಂದ ಲಕ್ಷಾಂತರ ನಾಗರಿಕರ ವಿವರಗಳು ಬಯಲಾದವು. ಎಲ್ಲವನ್ನೂ ಒಂದೆಡೆ ಕೂಡಿಡುವುದರ ಅಪಾಯವೇ ಇದು.

ಹಾಗಾದರೆ ಭೂತಾನ್ ನಮಗೆ ಮಾದರಿಯೇ? ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕು. ಇದೇ ಭೂತಾನ್ 1988ರ ಜನಗಣತಿಯಲ್ಲಿ ದಕ್ಷಿಣದ ನೇಪಾಳಿ ಭಾಷಿಕರಿಂದ 1958ರ ಕಂದಾಯ ರಶೀದಿ ಕೇಳಿತು. ರಶೀದಿ ಇಲ್ಲದವರು ಪರಕೀಯರಾದರು. ಒಂದು ಲಕ್ಷಕ್ಕೂ ಹೆಚ್ಚು ಮಂದಿ ವರ್ಷಗಟ್ಟಲೆ ನೇಪಾಳದ ಶಿಬಿರಗಳಲ್ಲಿ ಬದುಕಿದರು. ಬಾಂಗ್ಲಾದೇಶದ ಉರ್ದು ಭಾಷಿಕರಿಗೆ ಮತದಾರರ ಪಟ್ಟಿಯಲ್ಲಿ ಸ್ಥಾನ ಸಿಗಲು 2008ರ ಢಾಕಾ ಹೈಕೋರ್ಟ್ ತೀರ್ಪೇ ಬೇಕಾಯಿತು. ಪ್ರಮಾಣಪತ್ರ ಯಾರ ಮೊಬೈಲಿನಲ್ಲಿದೆ ಎಂಬುದು ಎರಡನೆಯ ಪ್ರಶ್ನೆ. ಮುದ್ರೆಯೊತ್ತುವವರು ಯಾರನ್ನು ತಮ್ಮವರೆಂದು ಒಪ್ಪುತ್ತಾರೆ ಎಂಬುದೇ ಮೊದಲನೆಯದು. ಅದಕ್ಕೆ ಉತ್ತರ ತಂತ್ರಜ್ಞಾನದಲ್ಲಿಲ್ಲ. ಕಾನೂನಿನಲ್ಲಿ ಮತ್ತು ನ್ಯಾಯದಲ್ಲಿದೆ.

ನಮ್ಮ ದೇಶದ ಸ್ಥಿತಿ ಇವೆರಡರ ನಡುವಿನದು. 2025ರ ನವೆಂಬರ್‌ನಲ್ಲಿ ಬಂದ ಹೊಸ ಆಧಾರ್ ಆ್ಯಪ್‌ನಲ್ಲಿ ಬೇಕಾದ ವಿವರವನ್ನಷ್ಟೇ ಹಂಚಿಕೊಳ್ಳುವ ಸೌಲಭ್ಯವಿದೆ. ಆದರೆ ಬೆರಳಚ್ಚು ಮತ್ತು ಕಣ್ಣಿನ ಗುರುತುಗಳು ಪ್ರಾಧಿಕಾರದ ಕೇಂದ್ರ ಭಂಡಾರದಲ್ಲಿಯೇ ಇವೆ. ಆಧಾರ್ ಪೌರತ್ವದ ಪುರಾವೆಯಲ್ಲವೆಂದು 2016ರ ಕಾಯ್ದೆಯ 9ನೇ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಆಧಾರ್ ಇದೆಯಲ್ಲ, ಸಾಕು ಎಂಬ ನಿಶ್ಚಿಂತೆ ನಮಗೆ ಸಲ್ಲದು.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, ತಮ್ಮ 86ನೇ ವಯಸ್ಸಿನಲ್ಲಿ ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. ಅವರ ಮೊಕದ್ದಮೆಯಲ್ಲಿಯೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿದರು. ಈ ಹಕ್ಕು ನಮಗೆ ಹಾಗೆಯೇ ಒದಗಿ ಬಂದದ್ದಲ್ಲ. ಒಬ್ಬ ವೃದ್ಧರು ಕೇಳಿದ್ದರಿಂದ ಬಂತು.

ನಾವೂ ಕೇಳಬೇಕು, ಜೊತೆಗೆ ನಮ್ಮ ಮನೆಯನ್ನೂ ಸರಿಪಡಿಸಿಕೊಳ್ಳಬೇಕು. ಒಂದು ದಾಖಲೆಯಲ್ಲಿ ಮಹಮ್ಮದ್, ಇನ್ನೊಂದರಲ್ಲಿ ಮೊಹಮ್ಮದ್; ತಾಯಿ ಒಂದರಲ್ಲಿ ಬೀ, ಮತ್ತೊಂದರಲ್ಲಿ ಬೇಗಂ. ತಪ್ಪು ಹೆಸರಿಗೆ ಡಿಜಿಟಲ್ ಮುದ್ರೆ ಬಿದ್ದರೆ ತಪ್ಪೇ ಗಟ್ಟಿಯಾಗುತ್ತದೆ. ಆಧಾರ್‌ನಲ್ಲಿ ಹೆಸರಿನ ತಿದ್ದುಪಡಿಗೆ ಸಾಮಾನ್ಯವಾಗಿ ಎರಡೇ ಅವಕಾಶಗಳಿವೆ. ಅವಸರದಲ್ಲಿ ಅವನ್ನು ಕಳೆಯಬಾರದು. ಮೊದಲು ಜನನ ಪ್ರಮಾಣಪತ್ರ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಗಳನ್ನು ಎದುರಿಗಿಟ್ಟು ಒಂದೇ ಕಾಗುಣಿತ ನಿಶ್ಚಯಿಸಿಕೊಳ್ಳೋಣ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗೆ ಶಾಲೆಗೂ ಆಧಾರ್‌ಗೂ ಜನ್ಮದಿನದ ಪುರಾವೆ ಜನನ ಪ್ರಮಾಣಪತ್ರವೇ. ಮಗುವಿಗೆ ಹೆಸರಿಟ್ಟ ವಾರವೇ ಅದನ್ನು ನೋಂದಾಯಿಸೋಣ. ಜೆರಾಕ್ಸ್ ಕೇಳಿದವರನ್ನು, ಯಾವ ಉದ್ದೇಶಕ್ಕೆ ಎಂದು ವಿನಯದಿಂದಲೇ ವಿಚಾರಿಸೋಣ. ಮನೆಯ ಹೆಣ್ಣುಮಕ್ಕಳಿಗೂ ಇವೆಲ್ಲವನ್ನು ಕಲಿಸೋಣ. ಅವರ ಗುರುತಿನ ಕೀಲಿಕೈ ಅವರ ಬಳಿಯೇ ಇರಲಿ.