ಸೆಲ್ಬೋರ್ನ್: ಒಂದು ಪುಟ್ಟ ಊರಿನ ಚರಿತ್ರೆ

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಚರಿತ್ರೆ ಎಂದಾಕ್ಷಣ ನಮ್ಮ ನೆನಪಿಗೆ ಬರುವುದು ರಾಜರು, ಯುದ್ಧಗಳು ಮತ್ತು ರಾಜಧಾನಿಗಳು. ಕೆಲವೇ ನೂರು ಜನರಿರುವ ಹಳ್ಳಿಗೂ ಚರಿತ್ರೆ ಇರುತ್ತದೆಯೇ? ಈ ಪ್ರಶ್ನೆಗೆ ಉತ್ತರ ಹುಡುಕಲು ನಿಮ್ಮನ್ನು ದಕ್ಷಿಣ ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನಲ್ಲಿರುವ ಸೆಲ್ಬೋರ್ನ್ ಎಂಬ ಊರಿಗೆ ಕರೆದೊಯ್ಯಬಯಸುತ್ತೇನೆ.

ಸೆಲ್ಬೋರ್ನ್ ಒಂದು ಪ್ಯಾರಿಷ್. ಅಂದರೆ ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಊರು. ನಮ್ಮಲ್ಲಿ ಒಂದು ಮಸೀದಿಯ ಜಮಾಅತ್ ಇದ್ದಂತೆ ಎಂದುಕೊಳ್ಳಿ. ಊರಿನ ಬೆನ್ನಿಗೇ ಸುಮಾರು 300 ಅಡಿ ಎತ್ತರದ, ಸೀಮೆಸುಣ್ಣದಂತಹ ಬಿಳಿಕಲ್ಲಿನ ಗುಡ್ಡವಿದೆ. ಅದರ ಇಳಿಜಾರಿನಲ್ಲಿ ಬೀಚ್ ಮರಗಳ ದಟ್ಟ ಕಾಡು. ಗುಡ್ಡ ಹತ್ತಲು 1753ರಲ್ಲಿ ಮಾಡಿದ ಅಂಕುಡೊಂಕು ಕಾಲುದಾರಿ ಇಂದಿಗೂ ಇದೆ. ಗಾಡಿಚಕ್ರಗಳೂ ಮಳೆನೀರೂ ಶತಮಾನಗಳ ಕಾಲ ಮೆದುಕಲ್ಲನ್ನು ಸವೆಸಿ, ಅಲ್ಲಿನ ಹಳೆಯ ದಾರಿಗಳು ಕೆಲವೆಡೆ ಹೊಲಗಳಿಗಿಂತ 16ರಿಂದ 18 ಅಡಿ ಕೆಳಕ್ಕೆ ಇಳಿದಿದ್ದವು. ನಡೆದಾಡಿದವರ ಚರಿತ್ರೆಯನ್ನು ನೆಲವೇ ಬರೆದಿಟ್ಟಂತೆ!

ಈ ಊರನ್ನು ಜಗತ್ತಿಗೆ ಪರಿಚಯಿಸಿದವರು ಗಿಲ್ಬರ್ಟ್ ವೈಟ್ (1720-1793). ಇಲ್ಲಿಯೇ ಹುಟ್ಟಿ, ಆಕ್ಸ್‌ಫರ್ಡಿನಲ್ಲಿ ಓದಿ, ಊರಿಗೆ ಮರಳಿ ಸಹಾಯಕ ಪಾದ್ರಿಯಾಗಿ ಕೆಲಸ ಮಾಡಿದವರು. ವಿದ್ವಾಂಸರಾದ ಇಬ್ಬರು ಮಿತ್ರರಿಗೆ ಅವರು ಬರೆದ ಪತ್ರಗಳೇ 1789ರಲ್ಲಿ ಸೆಲ್ಬೋರ್ನಿನ ನಿಸರ್ಗ ಚರಿತ್ರೆಯ ಪುಸ್ತಕವಾಯಿತು. ನೋಡಲು ಒಂದೇ ತೆರನಾಗಿದ್ದ ಪುಟ್ಟ ಹಕ್ಕಿಗಳ ಹಾಡನ್ನು ಕಿವಿಗೊಟ್ಟು ಕೇಳಿ, ಅವು ಒಂದಲ್ಲ, ಮೂರು ಜಾತಿ ಎಂದು ತೋರಿಸಿಕೊಟ್ಟರು. ಎರೆಹುಳು ಇಲ್ಲದಿದ್ದರೆ ಮಣ್ಣು ಗಟ್ಟಿಯಾಗಿ ಬರಡಾಗುತ್ತದೆ ಎಂದು 1777ರಲ್ಲೇ ಬರೆದರು. ಡಾರ್ವಿನ್ ಎರೆಹುಳುಗಳ ಕುರಿತು ಪುಸ್ತಕ ಪ್ರಕಟಿಸಿದ್ದು ಅದಾಗಿ ನೂರು ವರ್ಷಗಳ ನಂತರ, 1881ರಲ್ಲಿ.

ವೈಟ್ ಊರಿನ ಜನರ ಲೆಕ್ಕವನ್ನೂ ಇಟ್ಟಿದ್ದರು. 1783ರಲ್ಲಿ ಸೆಲ್ಬೋರ್ನಿನಲ್ಲಿದ್ದ ಮನೆಗಳು 136, ಜನರು 676. ಚರ್ಚಿನ ದಾಖಲೆ ಪುಸ್ತಕ ತಿರುವಿ, 1720ರಿಂದ 1779ರವರೆಗಿನ 60 ವರ್ಷಗಳಲ್ಲಿ 980 ಮಕ್ಕಳ ನಾಮಕರಣವೂ 640 ಶವಸಂಸ್ಕಾರವೂ ನಡೆದಿದ್ದನ್ನು ಕಂಡುಕೊಂಡರು. ಬಡವರು ಹೊಂಡದ ಬದಿಯ ಜೊಂಡುಹುಲ್ಲನ್ನು ಸುಲಿದು, ಒಣಗಿಸಿ, ಕೊಬ್ಬಿನಲ್ಲಿ ಅದ್ದಿ ದೀಪ ಮಾಡಿಕೊಳ್ಳುತ್ತಿದ್ದರು. ವೈಟ್ ಗಡಿಯಾರ ಹಿಡಿದು ನೋಡಿದರು: ಒಂದು ಕಡ್ಡಿ ಉರಿದದ್ದು 57 ನಿಮಿಷ. ಒಂದು ಫಾರ್ದಿಂಗ್, ಅಂದರೆ ಕಾಲು ಪೆನ್ನಿಗೆ, ಐದೂವರೆ ಗಂಟೆ ಬೆಳಕು!

ಇಷ್ಟೆಲ್ಲ ಗಮನಿಸಿದ ವೈಟ್ ಊರಿನ ಬಡವರ ಬಗ್ಗೆ ಬರೆದದ್ದೇನು? ಅವರಲ್ಲಿ ಅನೇಕರು ದುಡಿಮೆಗಾರರು, ಒಳ್ಳೆಯ ಮನೆಗಳಲ್ಲಿ ನೆಮ್ಮದಿಯಾಗಿದ್ದಾರೆ ಎಂದು. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ಮುಂದಿನದನ್ನು ಕೇಳಿ.

ವೈಟ್ ತೀರಿಕೊಂಡ 37 ವರ್ಷಗಳ ಬಳಿಕ, 1830ರ ನವೆಂಬರಿನಲ್ಲಿ, ಅದೇ ಸೆಲ್ಬೋರ್ನಿನ ಕೂಲಿಕಾರರು ದಂಗೆ ಎದ್ದರು. ಕೂಲಿಯಿಂದ ಹೊಟ್ಟೆ ತುಂಬುತ್ತಿರಲಿಲ್ಲ. ಚಳಿಗಾಲದಲ್ಲಿ ಕೈಗೆ ಸಿಗುತ್ತಿದ್ದ ಕಾಳು ಬಡಿಯುವ ಕೆಲಸವನ್ನು ಒಕ್ಕಣೆ ಯಂತ್ರಗಳು ಕಸಿದುಕೊಳ್ಳುತ್ತಿದ್ದವು. ಆ ವರ್ಷ ದಕ್ಷಿಣ ಇಂಗ್ಲೆಂಡಿನ ಹಳ್ಳಿಹಳ್ಳಿಗಳಲ್ಲಿ ಇಂತಹದೇ ಗಲಭೆ. ಸೆಲ್ಬೋರ್ನಿನ ಜನರು ಪಾದ್ರಿಯ ಮನೆಗೆ ಹೋಗಿ, ರೈತರಿಂದ ಪಡೆಯುವ ದಶಾಂಶ ತೆರಿಗೆ ಇಳಿಸುವಂತೆ ಒತ್ತಾಯಿಸಿದರು. ತೆರಿಗೆ ಇಳಿದರೆ ರೈತರು ಕೂಲಿ ಹೆಚ್ಚಿಸಬಹುದೆಂಬುದು ಅವರ ಲೆಕ್ಕ. ಬಡವರನ್ನು ಕೂಡಿಹಾಕಿ ದುಡಿಸುತ್ತಿದ್ದ ಅನಾಥಾಲಯದಂತಹ ದುಡಿಮೆಮನೆಯ ಮೇಲೂ ದಾಳಿ ನಡೆಯಿತು. ಬಳಿಕ ವಿಚಾರಣೆ, ಶಿಕ್ಷೆ. ಕೆಲವರನ್ನು ಹಡಗೇರಿಸಿ ಆಸ್ಟ್ರೇಲಿಯಾಕ್ಕೆ ಗಡಿಪಾರು ಮಾಡಲಾಯಿತು.

ವಿದ್ಯಾರ್ಥಿಗಳೇ, ವೈಟ್ ಸುಳ್ಳು ಬರೆದವರಲ್ಲ. ಅವರ ಕಾಲದಲ್ಲಿ ಪರಿಸ್ಥಿತಿ ಅಷ್ಟು ಹದಗೆಟ್ಟಿರಲಿಕ್ಕಿಲ್ಲ. ಆದರೂ ಅವರು ಊರನ್ನು ನೋಡಿದ್ದು ಅನುಕೂಲಸ್ಥರ ಮನೆಯ ಕಿಟಕಿಯಿಂದ ಎಂಬುದನ್ನು ಮರೆಯುವಂತಿಲ್ಲ. ಜೊಂಡಿನ ದೀಪ ಎಷ್ಟು ಹೊತ್ತು ಉರಿಯಿತೆಂಬುದನ್ನು ಅವರಿಂದ ತಿಳಿಯುತ್ತೇವೆ. ಆ ದೀಪದ ಮುಂದೆ ಕುಳಿತವರು ಏನು ಮಾತನಾಡಿಕೊಂಡರೆಂದು ಹೇಳಲು ಅವರ ಪೈಕಿ ಓದುಬರಹ ಕಲಿತವರು ವಿರಳ. ಅವರ ಮಾತು ಕಾಗದದ ಮೇಲೆ ಬಂದದ್ದು ಹೆಚ್ಚಾಗಿ ನ್ಯಾಯಾಲಯದ ಕಡತಗಳಲ್ಲಿ, ಆರೋಪಿಗಳಾಗಿ.

ಸೆಲ್ಬೋರ್ನಿನ ಚರ್ಚಿನ ಅಂಗಳದಲ್ಲಿ ಒಂದು ಪುರಾತನ ಯೂ ಮರವಿತ್ತು. ವೈಟ್ ಅಳೆದಾಗ ಅದರ ಸುತ್ತಳತೆ 23 ಅಡಿ. 1990ರ ಜನವರಿಯ ಬಿರುಗಾಳಿಗೆ ಅದು ಉರುಳಿತು. ಅಳೆದು ಬರೆದಿಟ್ಟದ್ದರಿಂದ ಅದು ಅಂದು ಎಷ್ಟು ದೊಡ್ಡದಿತ್ತೆಂದು ಇಂದಿಗೂ ಹೇಳಬಲ್ಲೆವು. ಬರೆದಿಡದ ಬದುಕುಗಳಿಗೆ ಆ ಭಾಗ್ಯವಿಲ್ಲ.

ಆದ್ದರಿಂದ ನಿಮ್ಮಲ್ಲಿ ಒಂದು ವಿನಂತಿ. ಶಿಕ್ಷಣವೆಂದರೆ ಬೇರೆಯವರು ಬರೆದದ್ದನ್ನು ಓದುವುದಷ್ಟೇ ಅಲ್ಲ. ನಿಮ್ಮ ಊರಿನ ಹಳ್ಳ, ಗುಡ್ಡ, ಹಕ್ಕಿಗಳನ್ನು ವೈಟ್ ಅವರಷ್ಟೇ ಶ್ರದ್ಧೆಯಿಂದ ನೋಡಿರಿ, ಬರೆಯಿರಿ. ಜೊತೆಗೆ ಅವರ ಪುಸ್ತಕದಲ್ಲಿ ಉಳಿದುಹೋದ ಕೆಲಸವನ್ನೂ ಮಾಡಿರಿ: ಕೂಲಿ ಮಾಡುವವರು, ಬೀಡಿ ಕಟ್ಟುವವರು, ಮೀನು ಮಾರುವವರು ತಮ್ಮ ಬದುಕಿನ ಬಗ್ಗೆ ಏನು ಹೇಳುತ್ತಾರೆಂದು ಕೇಳಿ ಬರೆದಿಡಿರಿ. ಅವರ ಮಕ್ಕಳು ಇಂದು ನಿಮ್ಮ ನಡುವೆಯೇ ಕುಳಿತಿದ್ದಾರೆ, ಅವರ ಕೈಯಲ್ಲಿ ಲೇಖನಿ ಇದೆ.