ಬಂಗಿನ ಬೆನ್ನು ಹತ್ತಿ



ಹುಕ್ಕೇರಿ ತಾಲೂಕಿನಲ್ಲಿರುವ ನಮ್ಮ ಚಿಗವ್ವನ ಎರಡೂ ಗಲ್ಲಕ್ಕೆ ಬಂಗು. ಎರಡನೇ ಬಸಿರಿನಲ್ಲಿ ಬಂದದ್ದು ಹೋಗಲೇ ಇಲ್ಲ. ಮೊನ್ನೆ ಸೆರಗಿನ ಗಂಟು ಬಿಚ್ಚಿ ಒಂದು ಟ್ಯೂಬ್ ತೋರಿಸಿದಳು. ತಳದಿಂದ ಸುರುಳಿ ಸುತ್ತಿ, ಕೊನೆಯ ಹನಿಯವರೆಗೂ ಹಿಂಡಿದ್ದು. "ಹಚ್ಚೂದು ಬಿಟ್ಟರ ಮಾರಿ ಉರೀತೈತೋ ತಮ್ಮಾ" ಅಂದಳು. ಆ ಟ್ಯೂಬಿಗೊಂದು ಚರಿತ್ರೆಯಿದೆ.

ಬಂಗನ್ನು ಆಯುರ್ವೇದ 'ವ್ಯಂಗ' ಎನ್ನುತ್ತದೆ. ಸಿಟ್ಟಿನಿಂದ, ದಣಿವಿನಿಂದ ಕೆರಳಿದ ವಾತವು ಪಿತ್ತದ ಜೊತೆ ಮುಖಕ್ಕೇರಿ ನೋವಿಲ್ಲದ ಕಪ್ಪು ಕಲೆ ಮೂಡಿಸುತ್ತದೆಂಬುದು ಸುಶ್ರುತ ಸಂಹಿತೆಯ ವಿವರಣೆ. ಚಿಗವ್ವನ ಬಾಳಿನಲ್ಲಿ ಸಿಟ್ಟಿಗೂ ದಣಿವಿಗೂ ಕೊರತೆಯಿಲ್ಲ, ಆ ಮಾತು ಬೇರೆ. ಮಂಜಿಷ್ಠದ ಲೇಪದಿಂದ ಹಿಡಿದು ನೆತ್ತರು ತೆಗೆಯುವವರೆಗೆ ಆಗ ಚಿಕಿತ್ಸೆಗಳಿದ್ದವು. ಇಂದಿನ ವೈದ್ಯರು ಬಿಸಿಲು, ಬಸಿರು, ಮನೆತನ ಕೇಳುತ್ತಾರೆ.

ಆಮ್ಲ ಹಚ್ಚಿ ಮೇಲ್ದೊಗಲು ಸುಲಿಸುವ ವಿದ್ಯೆಯನ್ನು 1882ರಲ್ಲಿ ಜರ್ಮನಿಯ ಪಾಲ್ ಉನ್ನಾ ಬರೆದಿಟ್ಟ. ಮುಂದಿನ ದೊಡ್ಡ ಸುಳಿವು ಸಿಕ್ಕಿದ್ದು ಆಕಸ್ಮಿಕವಾಗಿ. ಅಮೆರಿಕದ ಒಂದು ಚರ್ಮದ ಕಾರ್ಖಾನೆಯಲ್ಲಿ ರಬ್ಬರ್ ಕೈಗವಸು ತೊಟ್ಟವರ ಕೈಗಳು ಬೆಳ್ಳಗಾದವು. ರಬ್ಬರಿಗೆ ಬೆರೆಸಿದ್ದ ರಾಸಾಯನಿಕವೇ ಕಾರಣವೆಂದು 1939ರಲ್ಲಿ ವರದಿಯಾಯಿತು. ಅದರ ದಾಯಾದಿಯೇ ಬಂಗಿಗೆ ಹಚ್ಚುವ ಹೈಡ್ರೋಕ್ವಿನೋನ್. 1975ರಲ್ಲಿ ಕ್ಲಿಗ್‌ಮನ್ ಮತ್ತು ವಿಲ್ಲಿಸ್ ಅದಕ್ಕೆ ಟ್ರೆಟಿನಾಯಿನ್ ಎಂಬ ಔಷಧಿ, ಜೊತೆಗೆ ಶೇಕಡಾ 0.1ರಷ್ಟು ಸ್ಟೀರಾಯ್ಡ್ ಕೂಡಿಸಿದರು.

ಆ ಸ್ಟೀರಾಯ್ಡೇ ನಮಗೆ ಮುಳುವಾಯಿತು. ವೈದ್ಯರ ಕಣ್ಣೆದುರು ಕೆಲವು ವಾರ ಹಚ್ಚಬೇಕಾದ ಇಂಥ ಮಿಶ್ರಣಗಳನ್ನು ನಮ್ಮ ಮಂದಿ ಸ್ನೋ ಪೌಡರಿನಂತೆ ವರ್ಷಗಟ್ಟಲೆ ಬಳಿದರು. ಮೊದಲು ಮುಖ ಹೊಳೆಯುತ್ತದೆ. ಆಮೇಲೆ ತೊಗಲು ತೆಳ್ಳಗಾಗಿ, ಕೆಂಪು ನರ ಎದ್ದು, ಬಿಟ್ಟರೆ ಉರಿಯುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದೆಂದಿತು. ಚಿಗವ್ವನ ಟ್ಯೂಬಿಗೆ ಚೀಟಿ ಇರಲಿಲ್ಲ.

ಇನ್ನು ಕಬ್ಬಿನ ಕಥೆ. ಗೋಕಾಕ, ಮೂಡಲಗಿ, ಹುಕ್ಕೇರಿಗಳಲ್ಲಿ ಅದಿಲ್ಲದೆ ಯಾವ ಕಥೆಯೂ ಮುಗಿಯದು. ಮೇಲ್ದೊಗಲು ಸುಲಿಸಲು ಬಳಸುವ ಗ್ಲೈಕಾಲಿಕ್ ಆಮ್ಲ ಕಬ್ಬಿನ ರಸದಲ್ಲೇ ಇದೆ. ಮೀನಿನ ಪೊರೆಯಂತೆ ಚರ್ಮ ಒಣಗುವ ರೋಗಕ್ಕೆ ಈ ಜಾತಿಯ ಆಮ್ಲಗಳು ಕೆಲಸ ಮಾಡುತ್ತವೆಂದು ವ್ಯಾನ್ ಸ್ಕಾಟ್ ಮತ್ತು ಯು 1974ರಲ್ಲಿ ತೋರಿಸಿದರು. ಕಲೆಯ ಚಿಕಿತ್ಸೆಗೂ ಅವು ಬಂದವು. ಈಗ ದವಾಖಾನೆಯ ಬಾಟಲಿಯಲ್ಲಿರುವುದು ಹೆಚ್ಚಾಗಿ ಕಾರ್ಖಾನೆಯ ಸರಕು, ನಮ್ಮ ಗಾಣದ್ದಲ್ಲ. ಬ್ರಶ್ಶಿನಿಂದ ಹಚ್ಚಿ, ಗಡಿಯಾರ ನೋಡುತ್ತ ಕೆಲವೇ ನಿಮಿಷ ಬಿಟ್ಟು, ಸೋಡಾ ನೀರಿನಿಂದ ಆಮ್ಲ ಅಡಗಿಸುತ್ತಾರೆ. ಹೊತ್ತು ಮೀರಿದರೆ ನಮ್ಮಂಥ ಕಂದು ತೊಗಲಿಗೆ ಸುಟ್ಟ ಕಲೆಯೇ ಹೊಸ ಬಂಗು. ಲೇಸರಿನದೂ ಅದೇ ಹಣೆಬರಹ. ಯಾವ ಬೆಳಕು ಬಣ್ಣದ ಕಣವನ್ನಷ್ಟೇ ಒಡೆಯುತ್ತದೆಂಬ ಲೆಕ್ಕವನ್ನು 1983ರಲ್ಲಿ ಆಂಡರ್ಸನ್, ಪ್ಯಾರಿಶ್ ಕೊಟ್ಟರೂ, ಶಾಖಕ್ಕೆ ಬಂಗು ಮತ್ತೆ ಕೆರಳುವುದುಂಟು.

ಚಿಗವ್ವನನ್ನು ಚರ್ಮವೈದ್ಯರ ಹತ್ತಿರ ಕರೆದೊಯ್ದೆ. ಅವರು ಟ್ಯೂಬ್ ಬಿಡಿಸಿ, ಸನ್‌ಸ್ಕ್ರೀನ್ ಬರೆದು, ಎರಡು ತಾಸಿಗೊಮ್ಮೆ ಹಚ್ಚಲು ಹೇಳಿದರು. ಹೊರಗೆ ಬಂದು ಆಕೆ ಕೇಳಿದಳು: "ಕಬ್ಬು ಕಡೀವಾಗ ಎರಡು ತಾಸಿಗೊಮ್ಮಿ ಮಾರಿ ತೊಳಿಯಾಕ ಮುಕಾದಮ ಬಿಡ್ತಾನೇನು?"

ಈಗ ಸೀರೆಯ ಮೇಲೆ ಕಾಕಾನ ಹಳೇ ಅಂಗಿ ತೊಟ್ಟು, ಕಣ್ಣಷ್ಟೇ ಕಾಣುವಂತೆ ಟವೆಲ್ ಸುತ್ತಿಕೊಂಡು ಹೊಲಕ್ಕೆ ಇಳಿಯುತ್ತಾಳೆ.